ಮೂಳೆ ನೆಟ್ಟಗಿದೆ, ಕೈ ಏಳ್ತಿಲ್ಲ!

ಕಿಬ್ಬನಹಳ್ಳಿ ಕ್ರಾಸಿನಲ್ಲಿ ಬಸ್ಸಿಗೆ ಕಾದವರಿಗೆ ಬೈಕುಗಳ ಓಟ ಹೇಳಿಕೊಡಬೇಕಿಲ್ಲ. ಸುತ್ತಲೂ ತೆಂಗಿನ ತೋಟ. ಮರ ಹತ್ತುವವರಿಗೆ ಬೀಳುವ ಭಯ ಇದ್ದದ್ದೇ.

ಬೈಕಿನಿಂದಲೋ ಮರದಿಂದಲೋ ಬಿದ್ದಾಗ ತಲೆ ಒಂದು ಕಡೆ, ಭುಜ ಇನ್ನೊಂದು ಕಡೆ ಸೆಳೆದರೆ ಏಟು ನರಕ್ಕೆ. ಎಕ್ಸ್‌ರೇ ತೆಗೆಸಿದರೆ 'ಮೂಳೆ ಮುರಿದಿಲ್ಲ' ಅಂತಾರೆ. ಮನೆಯವರಿಗೆ ಸಮಾಧಾನ. ಕೈ ಮಾತ್ರ ಜೋತುಬಿದ್ದಿದೆ! ಎಣ್ಣೆ ತಿಕ್ಕಿ, ಕಟ್ಟು ಹಾಕಿಸಿ, 'ಇವತ್ತಲ್ಲ ನಾಳೆ ಸರಿಹೋಗುತ್ತೆ' ಅಂತ ತಿಂಗಳು ದೂಡುತ್ತಾರೆ.

ತಪ್ಪು ಎಕ್ಸ್‌ರೇದಲ್ಲ ಸ್ವಾಮಿ. 1895ರಲ್ಲಿ ರಾಂಟ್‌ಜನ್ ಕಂಡುಹಿಡಿದ ಆ ಕಿರಣಕ್ಕೆ ಮೂಳೆ ಕಾಣುತ್ತೆ, ನರ ಕಾಣದು. ಕೈಯನ್ನು ಆಡಿಸುವ ನರಗಳು ಕತ್ತಿನಿಂದ ನಾಲ್ಕು, ಎದೆಯ ಮೇಲ್ಭಾಗದಿಂದ ಒಂದು, ಹೀಗೆ ಐದು ಬೇರುಗಳಾಗಿ ಹೊರಟು ಹೆಣೆದುಕೊಂಡು ಕಂಕುಳಿಗೆ ಇಳಿಯುತ್ತವೆ. ವೈದ್ಯರು ಇದನ್ನು ಬ್ರೇಕಿಯಲ್ ಪ್ಲೆಕ್ಸಸ್ ಅನ್ನುತ್ತಾರೆ.

ಇದನ್ನು ನೋಡಲು ಆಯಸ್ಕಾಂತದ ಎಂ.ಆರ್.ಐ. ಬೇಕು. ನರ ಬರೀ ಜಗ್ಗಿದೆಯೋ, ನಡುವೆ ಹರಿದಿದೆಯೋ, ಬುಡದಲ್ಲೇ ಕಿತ್ತಿದೆಯೋ ಎಂಬುದೇ ಪ್ರಶ್ನೆ. ಜಗ್ಗಿದ್ದು ಎಷ್ಟೋ ಸಲ ತಾನೇ ಚೇತರಿಸಿಕೊಳ್ಳುತ್ತೆ. ಹರಿದದ್ದಕ್ಕೆ ಕಾಲಿನ ನರದ ತುಂಡು ತಂದು ಜೋಡಿಸುತ್ತಾರೆ. ಬುಡದಲ್ಲಿ ಕಿತ್ತಿದ್ದರೆ ಬೆನ್ನುಹುರಿಯ ನೀರು ಸೋರಿ ಪುಟ್ಟ ಚೀಲ ಕಟ್ಟಿರುವುದು ಚಿತ್ರದಲ್ಲಿ ಹೆಚ್ಚಾಗಿ ಕಾಣುತ್ತೆ. ಕಿತ್ತ ತೆಂಗಿನ ಸಸಿಯನ್ನು ಮತ್ತೆ ನೆಡಬಹುದು, ಈ ಬೇರನ್ನು ಹಾಗೆ ಕೂರಿಸಲಾಗದು. ಪಕ್ಕದ ಒಳ್ಳೆ ನರದ ಕವಲು ಸಾಲ ತಂದು ತಿರುಗಿಸಬೇಕು. ಏಟು ಬಿದ್ದ ಕಡೆಯ ಕಣ್ಣಿನ ರೆಪ್ಪೆ ಜೋತಿದ್ದು, ಪಾಪೆ ಚಿಕ್ಕದಾಗಿದ್ದರೆ, ಕೆಳಗಿನ ಬೇರು ಕಿತ್ತಿರಬಹುದು ಎಂಬುದಕ್ಕೆ ಸುಳಿವು.

ಎಂ.ಆರ್.ಐ. ಒಂದೇ ಎಲ್ಲಾ ಹೇಳಿಬಿಡುವುದಿಲ್ಲ. ಮೂರು ನಾಲ್ಕು ವಾರ ಕಳೆದ ಮೇಲೆ ನರದ ಕರೆಂಟ್ ಪರೀಕ್ಷೆಯನ್ನೂ ಮಾಡಿಸುತ್ತಾರೆ.

ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳೊಳಗೆ ಆಗಬೇಕು. ನರ ದಿನಕ್ಕೆ ಬೆಳೆಯುವುದು ಸುಮಾರು ಒಂದು ಮಿಲಿಮೀಟರ್. ಕತ್ತಿನಿಂದ ಮೊಣಕೈವರೆಗೆ ಒಂದಡಿ ಅಂದ್ಕೊಂಡರೂ ಹತ್ತು ತಿಂಗಳು! ಅದು ತಲುಪುವ ಹೊತ್ತಿಗೆ ಸ್ನಾಯು ಸೊರಗಿ ಹೋಗಿದ್ದರೆ ಕಷ್ಟವೆಲ್ಲ ದಂಡ. ವರ್ಷ ತಡಮಾಡಿ ಬಂದವರಿಗೆ ನರ ಜೋಡಿಸಿ ಪ್ರಯೋಜನ ಕಡಿಮೆ. ತೆಂಗು ನೆಟ್ಟ ನಮ್ಮೋರಿಗೆ ಕಾಯೋದು ಹೊಸದಲ್ಲ, ಆದರೆ ಈ ಕಾಯುವಿಕೆ ಆಪರೇಷನ್ ಆದ ಮೇಲಿನದು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಚಿಕಿತ್ಸೆ ಉಂಟು. ಹೋಗುವಾಗ ಹಳೇ ಎಕ್ಸ್‌ರೇ ಒಯ್ಯಿರಿ. ಬಿದ್ದ ತಾರೀಕು ಬರೆದಿಟ್ಟುಕೊಳ್ಳಿ. ಸ್ಕ್ಯಾನಿಂಗ್ ಕೊಳವೆಯೊಳಗೆ ಡಬಡಬ ಸದ್ದು, ಅರ್ಧ ಮುಕ್ಕಾಲು ಗಂಟೆ ಅಲುಗಾಡುವಂತಿಲ್ಲ. ಮೈಯೊಳಗೆ ರಾಡು, ಪೇಸ್‌ಮೇಕರ್ ಇದ್ದರೆ ಬಾಗಿಲಲ್ಲೇ ಹೇಳಿಬಿಡಿ.