ಆಟದ ದೋಣಿಯ ಬ್ಯಾಟರಿಗೆ ವಿಶ್ರಾಂತಿ

1898ರಲ್ಲಿ ನಿಕೋಲ ಟೆಸ್ಲಾ ಎಂಬ ವಿಜ್ಞಾನಿಯು ನ್ಯೂಯಾರ್ಕ್ ನಗರದ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ನೀರಿನ ತೊಟ್ಟಿಯೊಂದನ್ನು ಕಟ್ಟಿಸಿ, ಅದರಲ್ಲಿ ಪುಟ್ಟ ದೋಣಿಯೊಂದನ್ನು ತಂತಿಯ ಸಂಪರ್ಕವಿಲ್ಲದೆ ದೂರದಿಂದಲೇ ನಡೆಸಿ ತೋರಿಸಿದನು. ದೋಣಿಯ ಒಡಲಿನಲ್ಲಿದ್ದ ಸಂಚಯಕ ಬ್ಯಾಟರಿಯು ಅದಕ್ಕೆ ಶಕ್ತಿಯನ್ನು ಒದಗಿಸುತ್ತಿತ್ತು. ಇಂದು ಶಾಲೆಯ ಹುಡುಗರೂ ಕೆರೆ ಕೊಳಗಳಲ್ಲಿ ಇಂತಹ ರೇಡಿಯೋ ನಿಯಂತ್ರಿತ ದೋಣಿಗಳನ್ನು ಓಡಿಸುತ್ತಾರೆ. ಆದರೆ ಈಗ ಅವುಗಳಲ್ಲಿ ಹೆಚ್ಚಾಗಿ ಕಾಣುವುದು ಹಗುರವಾದ ಲಿಥಿಯಂ ಬ್ಯಾಟರಿ.

ಸೀಸದ ಬ್ಯಾಟರಿಯನ್ನು ಬಹುಕಾಲ ಎತ್ತಿಡುವಾಗ ಅದನ್ನು ಪೂರ್ಣವಾಗಿ ತುಂಬಿಡಬೇಕೆಂಬುದು ಹಳೆಯ ಪಾಠ. ಬರಿದಾಗಿ ಬಿಟ್ಟರೆ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಗೊಂಡು ಬ್ಯಾಟರಿಯು ಕೆಡುತ್ತದೆ. ಈ ಪಾಠವನ್ನೇ ಲಿಥಿಯಂ ಬ್ಯಾಟರಿಗೂ ಅನ್ವಯಿಸುವವರು ಉಂಟು. ಅದು ತಪ್ಪು. ಲಿಥಿಯಂ ಬ್ಯಾಟರಿಯ ವಿಶ್ರಾಂತಿಗೆ ತುಂಬಿದ ಸ್ಥಿತಿಯೂ ಒಗ್ಗದು, ಬರಿದಾದ ಸ್ಥಿತಿಯೂ ಒಗ್ಗದು. ಇದಕ್ಕೆ ಕಾರಣವೇನೆಂಬುದನ್ನು ವಿಚಾರಿಸೋಣ.

ದೋಣಿಗಳಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವುದು ಲಿಥಿಯಂ ಪಾಲಿಮರ್ ಜಾತಿಯ ಬ್ಯಾಟರಿ. ಅದರ ಪ್ರತಿಯೊಂದು ಕೋಶವೂ ತೆಳುವಾದ ಹಾಳೆಯಿಂದ ಮಾಡಿದ ಒಂದು ಚೀಲ. ಚೀಲದೊಳಗೆ ಅಲ್ಯೂಮಿನಿಯಂ ಹಾಳೆಗೆ ಲೇಪಿಸಿದ ಲೋಹದ ಆಕ್ಸೈಡು ಧನಧ್ರುವವಾಗಿಯೂ, ತಾಮ್ರದ ಹಾಳೆಗೆ ಲೇಪಿಸಿದ ಗ್ರಾಫೈಟು ಋಣಧ್ರುವವಾಗಿಯೂ ಇರುತ್ತವೆ. ಅವುಗಳ ನಡುವೆ ಇರುವುದು ಸುಲಭವಾಗಿ ಉರಿಯಬಲ್ಲ ಸಾವಯವ ದ್ರವ. ನಾವು ಬ್ಯಾಟರಿಯನ್ನು ತುಂಬುವಾಗ ಲಿಥಿಯಂ ಅಯಾನುಗಳು ಆಕ್ಸೈಡನ್ನು ಬಿಟ್ಟು ಗ್ರಾಫೈಟಿನ ಪದರಗಳೊಳಗೆ ಸೇರುತ್ತವೆ. ಬಳಸುವಾಗ ಮರಳಿ ಆಕ್ಸೈಡಿಗೆ ಹಿಂದಿರುಗುತ್ತವೆ.

ಪೂರ್ಣವಾಗಿ ತುಂಬಿದ ಕೋಶದ ವಿಭವಾಂತರ 4.2 ವೋಲ್ಟ್. ಆ ಸ್ಥಿತಿಯಲ್ಲಿ ಲಿಥಿಯಂ ಅನ್ನು ಬಿಟ್ಟುಕೊಟ್ಟ ಆಕ್ಸೈಡು ಅಸ್ಥಿರವಾಗಿದ್ದು, ಸುತ್ತಲಿನ ದ್ರವವನ್ನು ಮೆಲ್ಲಮೆಲ್ಲನೆ ಕೆಡಿಸುತ್ತದೆ. ಅನಿಲವು ಹುಟ್ಟಿ ಚೀಲವು ಉಬ್ಬುತ್ತದೆ, ಆಂತರಿಕ ರೋಧವು ಹೆಚ್ಚುತ್ತದೆ, ಸಾಮರ್ಥ್ಯವು ಕುಗ್ಗುತ್ತದೆ. ಬಿಸಿಲಿನ ದಿನಗಳಲ್ಲಿ ಈ ಕ್ರಿಯೆ ಮತ್ತಷ್ಟು ಚುರುಕು. ಇದಕ್ಕೆ ವಿರುದ್ಧವಾಗಿ, ಕೋಶವು 3 ವೋಲ್ಟಿಗಿಂತ ಬಹಳ ಕೆಳಕ್ಕೆ ಇಳಿದುಹೋದರೆ ಋಣಧ್ರುವದ ತಾಮ್ರವೇ ಕರಗತೊಡಗುತ್ತದೆ. ಅಂತಹ ಬ್ಯಾಟರಿಯನ್ನು ತಿಳಿಯದೆ ಮತ್ತೆ ತುಂಬಿದಾಗ, ಕರಗಿದ ತಾಮ್ರವು ಬೇರೆಡೆ ಲೋಹವಾಗಿ ಶೇಖರಗೊಂಡು ಎರಡು ಧ್ರುವಗಳ ನಡುವೆ ಸೇತುವೆ ಕಟ್ಟಬಹುದು. ಆಗ ಒಳಗೇ ಷಾರ್ಟ್ ಸರ್ಕಿಟ್ ಉಂಟಾಗಿ ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ.

ಆದುದರಿಂದ ನಡುವಿನ ಸ್ಥಿತಿಯೇ ಕ್ಷೇಮ. ಕೋಶವೊಂದಕ್ಕೆ ಸುಮಾರು 3.8 ವೋಲ್ಟ್, ಅಂದರೆ ಸಾಮರ್ಥ್ಯದ ಹೆಚ್ಚುಕಡಿಮೆ ಅರ್ಧ, ಉಳಿಯುವಂತೆ ಇಳಿಸಿ ಇಡಬೇಕು. ಹೀಗಿಟ್ಟ ಬ್ಯಾಟರಿಗೆ ಅಕಸ್ಮಾತ್ ಕೇಡು ಸಂಭವಿಸಿದರೂ ಹೊರಬೀಳುವ ಶಕ್ತಿ ಕಡಿಮೆ. ವಿಮಾನದಲ್ಲಿ ಬಿಡಿ ಸರಕಾಗಿ ಸಾಗಿಸುವ ಲಿಥಿಯಂ ಅಯಾನ್ ಬ್ಯಾಟರಿಗಳನ್ನು ಅವುಗಳ ಸಾಮರ್ಥ್ಯದ ಶೇಕಡಾ 30ಕ್ಕಿಂತ ಹೆಚ್ಚು ತುಂಬಿರಬಾರದೆಂದು 2016ರಲ್ಲಿ ಅಂತರರಾಷ್ಟ್ರೀಯ ನಿಯಮ ಜಾರಿಗೆ ಬಂದುದು ಈ ಕಾರಣದಿಂದಲೇ.

ಇನ್ನು ಇಳಿಸುವ ಬಗೆ. ಮೂರು ಕೋಶಗಳ, 11.1 ವೋಲ್ಟಿನ, 5 ಆಂಪಿಯರ್-ಗಂಟೆಯ ಬ್ಯಾಟರಿಯನ್ನು ತೆಗೆದುಕೊಳ್ಳೋಣ. ಇವೆರಡನ್ನು ಗುಣಿಸಿದರೆ ಅದರಲ್ಲಿರುವ ಶಕ್ತಿ 55.5 ವ್ಯಾಟ್-ಗಂಟೆ. ತುಂಬಿದ ಬ್ಯಾಟರಿಯಿಂದ ಅರ್ಧವನ್ನು, ಎಂದರೆ ಸುಮಾರು 28 ವ್ಯಾಟ್-ಗಂಟೆಯನ್ನು, ಹೊರತೆಗೆಯಬೇಕು. ಉತ್ತಮ ಚಾರ್ಜರುಗಳಲ್ಲಿ ಈ ಕೆಲಸಕ್ಕೆಂದೇ ‘ಸ್ಟೋರೇಜ್’ ಎಂಬ ಏರ್ಪಾಡಿರುತ್ತದೆ. ಎಲ್ಲ ಕೋಶಗಳನ್ನೂ ಅದು ಸಮನಾಗಿ ತಂದು ನಿಲ್ಲಿಸುತ್ತದೆ. ಆದರೆ ಚಿಕ್ಕ ಚಾರ್ಜರು ಅನೇಕ ವೇಳೆ 5 ವ್ಯಾಟಿನಷ್ಟನ್ನು ಮಾತ್ರ ಹೀರಬಲ್ಲುದು. ಆಗ ಐದೂವರೆ ಗಂಟೆಗಳ ಕಾಲ ಕಾಯಬೇಕು. ಈ ತಾಳ್ಮೆಯಿಲ್ಲದೆಯೇ ಅನೇಕರು ಬ್ಯಾಟರಿಯನ್ನು ತುಂಬಿದಂತೆಯೇ ಎತ್ತಿಡುತ್ತಾರೆ.

ವಾಹನಗಳಲ್ಲಿ ಬಳಸುವ 12 ವೋಲ್ಟ್, 21 ವ್ಯಾಟಿನ ದೀಪವನ್ನು ಜೋಡಿಸಿದರೆ ಸುಮಾರು ಒಂದೂವರೆ ಗಂಟೆ ಸಾಕು. ಆದರೆ ದೀಪಕ್ಕೆ ನಿಲ್ಲಿಸುವ ವಿವೇಕವಿಲ್ಲ. ಅದನ್ನು ನಾವೇ ಒದಗಿಸಬೇಕು. ಹತ್ತು ನಿಮಿಷಗಳಿಗೊಮ್ಮೆ ಪ್ರತಿಯೊಂದು ಕೋಶವನ್ನೂ ಪ್ರತ್ಯೇಕವಾಗಿ ಅಳೆಯಬೇಕು. ಅತ್ಯಂತ ಕಡಿಮೆ ತೋರಿಸುವ ಕೋಶವು 3.8 ವೋಲ್ಟಿಗೆ ಇಳಿದೊಡನೆ ದೀಪವನ್ನು ಬಿಡಿಸಬೇಕು. ಒಟ್ಟು ಮೊತ್ತವಾದ 11.4 ವೋಲ್ಟನ್ನು ಮಾತ್ರ ನೋಡಿದರೆ ದುರ್ಬಲವಾದ ಕೋಶವೊಂದು ಕಣ್ಣು ತಪ್ಪಿಸಿಕೊಳ್ಳಬಹುದು. ದೀಪದ ಗಾಜು ಬಹಳ ಬಿಸಿಯಾಗುವುದರಿಂದ ಅದನ್ನು ಬ್ಯಾಟರಿಯಿಂದ ದೂರದಲ್ಲಿ, ಹೆಂಚಿನ ಅಥವಾ ಕಲ್ಲಿನ ಮೇಲಿಡಬೇಕು. ಈ ಕೆಲಸವು ಮುಗಿಯುವವರೆಗೆ ಸ್ಥಳವನ್ನು ಬಿಟ್ಟು ಹೋಗಕೂಡದು.

ಉಪ್ಪುನೀರಿನಲ್ಲಿ ಮುಳುಗಿಸಿದರೆ ಬ್ಯಾಟರಿ ತಾನಾಗಿ ಇಳಿಯುತ್ತದೆಂಬ ನಂಬಿಕೆ ಕೆಲವರಲ್ಲಿದೆ. ಉಪ್ಪುನೀರು ಮೊದಲು ತಿನ್ನುವುದು ಹೊರಗಿನ ಲೋಹದ ತುದಿಗಳನ್ನು. ಅವು ಸವೆದ ಬಳಿಕ ಪ್ರವಾಹವು ನಿಲ್ಲುತ್ತದೆ. ಒಳಗಿನ ಶಕ್ತಿಯು ಹಾಗೆಯೇ ಉಳಿಯುತ್ತದೆ. ಸತ್ತಂತೆ ಕಾಣುವ ಇಂತಹ ಬ್ಯಾಟರಿಯೇ ಹೆಚ್ಚು ಅಪಾಯಕಾರಿ.

ದೋಣಿಯ ವಿಷಯದಲ್ಲಿ ವಿಶೇಷವಾಗಿ ನೆನಪಿಡತಕ್ಕ ಮಾತೊಂದಿದೆ. ಬ್ಯಾಟರಿಯು ಕುಗ್ಗಿದಾಗ ವೇಗ ನಿಯಂತ್ರಕವು ಮೋಟಾರನ್ನು ನಿಲ್ಲಿಸುತ್ತದೆ. ಆದರೂ ರೇಡಿಯೋ ಗ್ರಾಹಕವು ಅಲ್ಪ ಪ್ರವಾಹವನ್ನು ಹೀರುತ್ತಲೇ ಇರಬಹುದು. ಸ್ವಿಚ್ಚನ್ನು ಮರೆತ ದೋಣಿಯಲ್ಲಿ ಕೆಲವೇ ದಿನಗಳಲ್ಲಿ ಬ್ಯಾಟರಿಯು ಪೂರ್ತಿ ಬರಿದಾಗುತ್ತದೆ. ಆದಕಾರಣ ದಡಕ್ಕೆ ಬಂದೊಡನೆ ಬ್ಯಾಟರಿಯ ಸಂಪರ್ಕವನ್ನು ಬಿಡಿಸಿ, ಹೊರತೆಗೆದು, ತೇವವನ್ನು ಒರೆಸಬೇಕು. ಅದು ಪೂರ್ತಿ ತಣ್ಣಗಾದ ಮೇಲೆಯೇ ಅಳೆದು, ಹೆಚ್ಚಿದ್ದರೆ ಇಳಿಸಿ, ಕಡಿಮೆಯಿದ್ದರೆ 3.8 ವೋಲ್ಟಿನವರೆಗೆ ತುಂಬಿ, ಬೇಗ ಉರಿಯುವ ವಸ್ತುಗಳಿಲ್ಲದ ತಂಪಾದ ಒಣ ಜಾಗದಲ್ಲಿಡಬೇಕು. ಎರಡು ಮೂರು ತಿಂಗಳಿಗೊಮ್ಮೆ ಅಳೆದು ನೋಡಬೇಕು. ಉಬ್ಬಿದ ಅಥವಾ ಪೆಟ್ಟು ತಿಂದ ಬ್ಯಾಟರಿಯನ್ನು ಮತ್ತೆ ತುಂಬದೆ, ಕಸದ ತೊಟ್ಟಿಗೂ ಎಸೆಯದೆ, ವಿದ್ಯುನ್ಮಾನ ತ್ಯಾಜ್ಯವನ್ನು ಸ್ವೀಕರಿಸುವವರಿಗೆ ಒಪ್ಪಿಸಬೇಕು.

ದೋಣಿಯನ್ನು ನೀರಿನಲ್ಲಿ ಓಡಿಸುವಾಗ ನಾವೆಲ್ಲರೂ ಎಚ್ಚರದಿಂದಿರುತ್ತೇವೆ. ಆಟ ಮುಗಿದ ಮೇಲೆ, ಮನೆಯವರೆಲ್ಲ ಮಲಗಿರುವಾಗ ಮೂಲೆಯ ಕಪಾಟಿನಲ್ಲಿ ಆ ಬ್ಯಾಟರಿ ಯಾವ ಸ್ಥಿತಿಯಲ್ಲಿದೆ ಎಂಬುದನ್ನು ತಿಳಿದಿರುವುದೂ ಆಟದ ಒಂದು ಭಾಗವೇ.