ಮೊಳಕೆಗೆ ಬೆಳಕು, ಮೊಳಕೆಗೆ ಚಳಿ

ವಿದ್ಯಾರ್ಥಿಗಳೇ, ಕುಂಡದಲ್ಲಿ ಗುಲಾಬಿ ಬೀಜ ಬಿತ್ತಿ, ದಿನವೂ ನೀರು ಹಾಕಿ, ತಿಂಗಳಾದರೂ ಮೊಳಕೆ ಕಾಣದೆ ಮಣ್ಣು ಚೆಲ್ಲಿದವರು ನಿಮ್ಮಲ್ಲಿ ಕೆಲವರಾದರೂ ಇರಬಹುದು. ಬೀಜ ಸತ್ತಿದೆಯೆಂದು ನೀವು ತೀರ್ಮಾನಿಸಿರುತ್ತೀರಿ. ಬಹಳ ಸಲ ಅದು ಸತ್ತಿರುವುದಿಲ್ಲ. ನೀರು, ಗಾಳಿ ದೊರೆತರೂ ಮತ್ತೊಂದು ಸೂಚನೆಗಾಗಿ ಕಾಯುತ್ತಿರುತ್ತದೆ. ಈ ಸ್ಥಿತಿಗೆ ಸುಪ್ತಾವಸ್ಥೆ ಎಂದು ಹೆಸರು.

ಗುಲಾಬಿಯ ಹಲವು ಜಾತಿಗಳು ಹಿಮ ಬೀಳುವ ನಾಡಿನವು. ಚಳಿಗಾಲಕ್ಕೆ ಮುಂಚೆ ಉದುರಿದ ಬೀಜ ಕೂಡಲೇ ಮೊಳೆತರೆ ಎಳೆಯ ಸಸಿ ಹಿಮಕ್ಕೆ ಸಿಕ್ಕಿ ಸಾಯುತ್ತದೆ. ಆದ್ದರಿಂದ ಗಟ್ಟಿಯಾದ ಹೊರಕವಚವೂ ಅಬ್ಸಿಸಿಕ್ ಆಮ್ಲವೆಂಬ ಹಾರ್ಮೋನೂ ಸೇರಿ ಮೊಳಕೆಯನ್ನು ತಡೆಹಿಡಿದಿರುತ್ತವೆ. ಸುಮಾರು 5 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ, ತೇವದೊಡನೆ ವಾರಗಟ್ಟಲೆ ಕಳೆದರೆ ಆ ತಡೆ ಸಡಿಲವಾಗುತ್ತದೆ. ಒಣ ಬೀಜವನ್ನು ತಂಪಿನಲ್ಲಿಟ್ಟರೆ ಈ ಕೆಲಸ ನಡೆಯದು. ನಮ್ಮ ಕನಕಾಂಬರಕ್ಕೆ ಇಂಥ ಚಳಿ ಬೇಕಿಲ್ಲ. ಅದರ ಒಣಗಿದ ಕಾಯಿಗೆ ನೀರು ತಾಗಿದರೆ ಚಟ್ಟನೆ ಸಿಡಿದು ಬೀಜ ಹಾರಿಸುವುದನ್ನು ನೀವೇ ನೋಡಿರಬಹುದು.

ಬೆಳಕಿನ ಕಥೆ ಬೇರೆ. ನೀಲಗಿರಿಯ ಬೆಟ್ಟಗಳಲ್ಲಿ ಕೆಂಪು ಹೂ ಬಿಡುವ ರೋಡೋಡೆಂಡ್ರಾನ್ ಇದೆ. ಈ ಕುಲದ ಗಿಡಗಳ ಬೀಜ ಬಹಳ ಸಣ್ಣದು. ಅದು ಆಳದಲ್ಲಿ ಮೊಳೆತರೆ ಮೇಲೆ ಬರುವ ಮೊದಲೇ ಒಳಗಿನ ಆಹಾರ ಮುಗಿದುಹೋಗುತ್ತದೆ. ಇಂಥ ಬೀಜಕ್ಕೆ ಬೆಳಕೆಂದರೆ ತಾನು ಮಣ್ಣಿನ ಮೇಲಿದ್ದೇನೆ ಎಂಬ ಸುದ್ದಿ.

ಕಣ್ಣಿಲ್ಲದ ಬೀಜ ಬೆಳಕನ್ನು ತಿಳಿಯುವುದು ಹೇಗೆ? 1952ರಲ್ಲಿ ಅಮೆರಿಕದ ಬೆಲ್ಟ್ಸ್‌ವಿಲ್‌ನಲ್ಲಿ ಬೋರ್ತ್‌ವಿಕ್, ಹೆಂಡ್ರಿಕ್ಸ್ ಮತ್ತು ಅವರ ಸಹೋದ್ಯೋಗಿಗಳು ನೆನೆದ ಲೆಟ್ಯೂಸ್ ಸೊಪ್ಪಿನ ಬೀಜಗಳ ಮೇಲೆ ಬೆಳಕು ಹಾಯಿಸಿ ನೋಡಿದರು. ಕೆಂಪು ಬೆಳಕಿಗೆ ಹೆಚ್ಚಿನವು ಮೊಳೆತವು. ಅದರ ಬೆನ್ನಿಗೇ ಇನ್ನೂ ಉದ್ದ ಅಲೆಯ ದೂರಗೆಂಪು ಬೆಳಕು ಬಿದ್ದರೆ ಹೆಚ್ಚಿನವು ಮೊಳೆಯಲಿಲ್ಲ. ಎಷ್ಟು ಸಲ ಅದಲುಬದಲು ಮಾಡಿದರೂ ಕೊನೆಗೆ ಬಿದ್ದ ಬೆಳಕಿನದೇ ತೀರ್ಪು! ಈ ಕೀಲಿಯಂಥ ವರ್ಣದ್ರವ್ಯಕ್ಕೆ ಮುಂದೆ ಫೈಟೋಕ್ರೋಮ್ ಎಂಬ ಹೆಸರು ಬಂದಿತು. ಮರದೆಲೆಗಳು ಕೆಂಪನ್ನು ಹೀರಿ ದೂರಗೆಂಪನ್ನು ಕೆಳಗೆ ಬಿಡುವುದರಿಂದ, ದಟ್ಟ ನೆರಳಿನಲ್ಲಿ ಇಂಥ ಬೀಜಗಳು ಸುಮ್ಮನಿರುತ್ತವೆ.

ಈಗ ನಿಮ್ಮ ಕುಂಡಕ್ಕೆ ಬರೋಣ. ದೂಳಿನಂಥ ಬೀಜವನ್ನು ತೇವದ ಮಣ್ಣಿನ ಮೇಲೆ ಉದುರಿಸಿ, ಮುಚ್ಚಬೇಡಿ. ಗುಲಾಬಿ ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ತಾರೀಖು ಬರೆದು ಎರಡು-ಮೂರು ತಿಂಗಳು ಫ್ರಿಜ್ಜಿನ ಕೆಳಖಾನೆಯಲ್ಲಿಡಿ. ಬೂಷ್ಟು ಬಂದಿದೆಯೇ ಎಂದು ಆಗಾಗ ನೋಡಿ. ಐಸು ಕಟ್ಟುವ ಖಾನೆಯಲ್ಲಿ ಮಾತ್ರ ಇಡಬೇಡಿ.