ರ‍್ಯಾಂಕ್ ಮಗಳದು, ಪಟ್ಟಿ ಯಾರದು?

ಸಿಇಟಿ ಫಲಿತಾಂಶ ಬಂದ ಮೇಲಿನ ಕೆಲವು ವಾರ ತಾಲ್ಲೂಕು ಕೇಂದ್ರಗಳ ಸೈಬರ್ ಸೆಂಟರುಗಳಿಗೆ ಸುಗ್ಗಿ. ಹೊರಗೆ ಮಳೆ, ಒಳಗೆ ಎರಡು ಕಂಪ್ಯೂಟರ್, ಗೋಡೆಗೆ ಒರಗಿಸಿದ ಏಳೆಂಟು ಪ್ಲಾಸ್ಟಿಕ್ ಕುರ್ಚಿ. ಅಪ್ಪಂದಿರ ತೊಡೆಯ ಮೇಲೆ ದಾಖಲೆಗಳ ಫೈಲು, ಮಕ್ಕಳ ಕೈಯಲ್ಲಿ ಮೊಬೈಲು. ಅಂಗಡಿಯವನು "ಎಷ್ಟು ರ‍್ಯಾಂಕು?" ಎಂದಷ್ಟೇ ಕೇಳುತ್ತಾನೆ. ಬೆಳಿಗ್ಗೆ ಇನ್ನಾರಿಗೋ ತುಂಬಿಸಿದ ಕಾಲೇಜುಗಳ ಪಟ್ಟಿಯನ್ನೇ ಒಂದಿಷ್ಟು ಮೇಲೆ ಕೆಳಗೆ ಮಾಡಿ ಒತ್ತಿಬಿಡುತ್ತಾನೆ. ಹತ್ತು ನಿಮಿಷದ ಕೆಲಸ. ಪರೀಕ್ಷೆಯಲ್ಲಾದರೂ ಒಂದೊಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ ಇತ್ತು.

ಈ ಹತ್ತು ನಿಮಿಷದ ಹೆಸರು ಆಪ್ಷನ್ ಎಂಟ್ರಿ. ಯಾವ ಕಾಲೇಜು, ಯಾವ ಕೋರ್ಸು, ಯಾವ ಕ್ರಮದಲ್ಲಿ ಬೇಕು ಎಂಬುದನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಜಾಲತಾಣದಲ್ಲಿ ದಾಖಲಿಸುವುದು. ರ‍್ಯಾಂಕಿಗಾಗಿ ಎರಡು ವರ್ಷ ಕೋಚಿಂಗ್, ಟ್ಯೂಷನ್, ಹಾಸ್ಟೆಲ್ ಎಂದು ಸಾಲ ಮಾಡುವ ಮನೆಗಳು ಈ ಪಟ್ಟಿಗಾಗಿ ಒಂದು ಸಂಜೆಯನ್ನೂ ಎತ್ತಿಡುವುದಿಲ್ಲ. ಒಂದೇ ಊರಿನ, ಹೆಚ್ಚುಕಡಿಮೆ ಒಂದೇ ರ‍್ಯಾಂಕಿನ ಇಬ್ಬರು ಬೇರೆ ಬೇರೆ ದಡ ಸೇರುವುದು ಬಹಳ ಸಲ ಇಲ್ಲೇ.

ಸೀಟು ಹೀಗೆ ಕಂಪ್ಯೂಟರಿನಲ್ಲಿ ಸಿಗುವುದಕ್ಕೂ ಒಂದು ಇತಿಹಾಸವಿದೆ. ಎಪ್ಪತ್ತು, ಎಂಬತ್ತರ ದಶಕದಲ್ಲಿ ಕರ್ನಾಟಕದ ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳೆಂದರೆ ಕ್ಯಾಪಿಟೇಷನ್ ಶುಲ್ಕ ಎಂದೇ ದೇಶವೆಲ್ಲ ಮಾತಾಡುತ್ತಿತ್ತು. 1984ರಲ್ಲಿ ರಾಜ್ಯ ಅದನ್ನು ನಿಷೇಧಿಸಿ ಕಾಯ್ದೆ ತಂದಿತು. 1992ರ ಮೋಹಿನಿ ಜೈನ್ ಪ್ರಕರಣ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ್ದೂ ಕರ್ನಾಟಕದ ವೈದ್ಯಕೀಯ ಸೀಟಿನ ಶುಲ್ಕದ ವಿಚಾರಕ್ಕೇ. ಮರುವರ್ಷ ಖಾಸಗಿ ಕಾಲೇಜುಗಳ ಪ್ರವೇಶ, ಶುಲ್ಕದ ಬಗೆಗೇ ಉನ್ನಿಕೃಷ್ಣನ್ ಪ್ರಕರಣದ ತೀರ್ಪು ಬಂತು. ಅದರ ಬೆನ್ನಲ್ಲೇ, ವೀರಪ್ಪ ಮೊಯಿಲಿ ಮುಖ್ಯಮಂತ್ರಿಯಾಗಿದ್ದಾಗ, 1994ರಲ್ಲಿ ಸಿಇಟಿ ಶುರುವಾಯಿತು. ಆಮೇಲೆ ಬಹಳ ವರ್ಷ ಕೌನ್ಸೆಲಿಂಗ್ ಎಂದರೆ ರಾತ್ರಿ ಬಸ್ಸು ಹತ್ತಿ ಬೆಂಗಳೂರಿನ ಮಲ್ಲೇಶ್ವರಕ್ಕೆ ಹೋಗುವುದು, ಪರದೆಯ ಮೇಲೆ ಸೀಟುಗಳು ಒಂದೊಂದಾಗಿ ಕರಗುವುದನ್ನು ನೋಡುತ್ತ ಕೂರುವುದು. ಅಲ್ಲಿ ಎದುರಿಗೆ ಉಳಿದದ್ದು ಕಾಣುತ್ತಿತ್ತು, ಅದರಲ್ಲೇ ಆರಿಸಿದರಾಯಿತು. ಈಗ ಏನೂ ಕಾಣದೆ ಮೊದಲೇ ಬರೆದುಕೊಡಬೇಕು. ಭಯ ಹುಟ್ಟುವುದು ಅದರಿಂದಲೇ.

ಭಯದಿಂದ ಹುಟ್ಟುವ ತಪ್ಪೂ ಒಂದೇ ತೆರನದು. ಹಿರೇಕೆರೂರು ಕಡೆಯ ಒಬ್ಬ ಹುಡುಗಿ ಇದ್ದಾಳೆ ಎಂದಿಟ್ಟುಕೊಳ್ಳಿ. ಅವಳಿಗೆ ಮನಸ್ಸಿರುವುದು ವಿಶ್ವೇಶ್ವರಯ್ಯನವರ ಕಾಲದಲ್ಲಿ, 1917ರಲ್ಲಿ ಶುರುವಾದ ಬೆಂಗಳೂರಿನ ಯುವಿಸಿಇ ಮೇಲೆ. ಅದಾಗದಿದ್ದರೆ ದಾವಣಗೆರೆಯ ಯುಬಿಡಿಟಿ, ಅದೂ ಆಗದಿದ್ದರೆ ಹಾವೇರಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು. "ಯುವಿಸಿಇ ನಿನ್ನ ರ‍್ಯಾಂಕಿಗೆ ಬರಾಂಗಿಲ್ಲ, ಸುಮ್ನ ಒಂದನೇ ನಂಬರ್ ಯಾಕ ಹಾಳ ಮಾಡ್ತಿ? ಹಾವೇರಿ ಮೊದಲ ಹಾಕು" ಎಂದು ಸೋದರಮಾವ ಬುದ್ಧಿ ಹೇಳುತ್ತಾನೆ. ಅವನ ಕಾಳಜಿ ನಿಜ, ಲೆಕ್ಕ ತಪ್ಪು.

ಕಂಪ್ಯೂಟರು ಮೊದಲ ರ‍್ಯಾಂಕಿನವರಿಂದ ಶುರುಮಾಡಿ ಒಬ್ಬೊಬ್ಬರದೇ ಪಟ್ಟಿ ತೆಗೆಯುತ್ತದೆ. ಈ ಹುಡುಗಿಯ ಸರದಿ ಬಂದಾಗ ಅವಳ ಮೊದಲ ಆಯ್ಕೆಯಲ್ಲಿ ಸೀಟು ಉಳಿದಿದೆಯೇ ಎಂದು ನೋಡುತ್ತದೆ. ಇಲ್ಲದಿದ್ದರೆ ಎರಡನೆಯದು, ಮೂರನೆಯದು. ಅವಳಿಗಿಂತ ಹಿಂದಿನ ರ‍್ಯಾಂಕಿನವನು ಹಾವೇರಿಯನ್ನು ಮೊದಲನೆಯದಾಗಿ ಬರೆದಿದ್ದರೂ, ಅದೇ ವರ್ಗದ ಸೀಟಿಗೆ ಅವಳನ್ನು ದಾಟಿ ಬರಲಾರ. ಆಸೆಯ ಕಾಲೇಜನ್ನು ಮೇಲೆ ಬರೆದಿದ್ದಕ್ಕೆ ಕೆಳಗಿನದು ಕೈತಪ್ಪುವುದಿಲ್ಲ. ಹಾವೇರಿಯನ್ನು ಮೇಲೆ ಬರೆದರೆ ಮಾತ್ರ, ಅಕಸ್ಮಾತ್ ಸಿಗಬಹುದಾಗಿದ್ದ ದಾವಣಗೆರೆ ಖಂಡಿತ ಕೈತಪ್ಪುತ್ತದೆ. ಎಂಥ ಬುದ್ಧಿವಂತ ಮನೆಗಳಲ್ಲೂ ಇದನ್ನು ನಂಬಿಸುವುದು ಕಷ್ಟ. ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದ ಅನುಭವ ಅಷ್ಟು ಗಟ್ಟಿ.

ಹಳೆಯ ವರ್ಷಗಳ ಕಟಾಫ್ ಪಟ್ಟಿ ಪ್ರಾಧಿಕಾರದ ಜಾಲತಾಣದಲ್ಲೇ ಸಿಗುತ್ತದೆ. ಜಿಎಂ, ಜಿಎಂಆರ್, 2ಎಜಿ, 2ಎಆರ್, 2ಎಕೆ ಎಂಬ ಸಂಕೇತಗಳನ್ನು ಕಂಡು ಹೆದರಬೇಕಾಗಿಲ್ಲ: ಮೊದಲಿನದು ವರ್ಗ, ಕೊನೆಯ ಆರ್ ಎಂದರೆ ಗ್ರಾಮೀಣ, ಕೆ ಎಂದರೆ ಕನ್ನಡ ಮಾಧ್ಯಮ. ಆ ಪಟ್ಟಿ ಇರುವುದು ಎಲ್ಲಿಯವರೆಗೆ ಬರೆದರೆ ಕೊನೆಗೆ ಬರಿಗೈ ಆಗುವುದಿಲ್ಲ ಎಂದು ತಿಳಿಯಲು. ಮೇಲಿನ ಆಸೆಗಳನ್ನು ಹೊಡೆದುಹಾಕಲು ಅದನ್ನು ಬಳಸಬಾರದು.

ಇನ್ನು ಕಾಗದಪತ್ರದ ಮಾತು. ಇದು ಜೂನ್ ತಿಂಗಳ ಕೆಲಸ ಅಲ್ಲವೇ ಅಲ್ಲ, ಡಿಸೆಂಬರಿನದು. ಒಂದರಿಂದ ಹತ್ತನೇ ತರಗತಿವರೆಗೆ ಪೂರ್ತಿ ಹತ್ತು ವರ್ಷ ಹಳ್ಳಿ ಶಾಲೆಯಲ್ಲಿ ಓದಿದವರಿಗೆ ಶೇ 15 ಗ್ರಾಮೀಣ ಮೀಸಲಾತಿ, ಹತ್ತು ವರ್ಷವೂ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5. ಎಂಟನೇ ತರಗತಿಗೆ ಪಟ್ಟಣದ ಹೈಸ್ಕೂಲು ಸೇರಿದವರಿಗೆ ಗ್ರಾಮೀಣ ಸಿಗುವುದಿಲ್ಲ, ಕನ್ನಡ ಮಾಧ್ಯಮ ಸಿಗಬಹುದು. ಪ್ರಮಾಣಪತ್ರ ನಿಗದಿತ ನಮೂನೆಯಲ್ಲೇ ಇರಬೇಕು, ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕು. ಎರಡು ಶಾಲೆಯಲ್ಲಿ ಓದಿದ್ದರೆ ಎರಡೂ ಕಡೆ ಅಲೆಯಬೇಕು, ಮುಖ್ಯೋಪಾಧ್ಯಾಯರು ರಜೆಯಲ್ಲಿರುತ್ತಾರೆ, ಬಿಇಒ ಕಚೇರಿ ಮೀಟಿಂಗಿನಲ್ಲಿರುತ್ತದೆ. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಗೆ ನಾಡಕಚೇರಿ. ಅದರಲ್ಲಿರುವ ಹೆಸರಿಗೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರಿಗೂ ಒಂದು ಇನಿಷಿಯಲ್ ವ್ಯತ್ಯಾಸವಿದ್ದರೂ ಮತ್ತೆ ಓಡಾಟ.

ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಯವರಿಗೆ ಇದಕ್ಕಿಂತ ದೊಡ್ಡ ಕಾಗದವೊಂದಿದೆ. ಸಂವಿಧಾನದ 371(ಜೆ) ವಿಧಿಯ ಅರ್ಹತಾ ಪತ್ರ, ಕೊಡುವವರು ಉಪವಿಭಾಗಾಧಿಕಾರಿ. ಅದು ಕೈಯಲ್ಲಿದ್ದರೆ ಆ ಭಾಗದ ಕಾಲೇಜುಗಳಲ್ಲಿ ಶೇ 70, ಉಳಿದ ಕರ್ನಾಟಕದಲ್ಲಿ ಶೇ 8 ಸೀಟುಗಳಲ್ಲಿ ಪಾಲು. ಅಪ್ಪ ದುಡಿಯಲು ಬೆಂಗಳೂರಿಗೆ ಬಂದು ನೆಲೆಸಿದ ಮನೆಗಳಲ್ಲಿ ಇದನ್ನು ಮಾಡಿಸುವ ನೆನಪೇ ಇರುವುದಿಲ್ಲ. ಎಸ್‌ಎನ್‌ಕ್ಯು ಎಂಬ ಇನ್ನೊಂದು ಬಾಗಿಲನ್ನೂ ಹಲವರು ತಟ್ಟುವುದಿಲ್ಲ: ಮಂಜೂರಾದ ಸೀಟುಗಳ ಮೇಲೆ ಶೇ 5 ಹೆಚ್ಚುವರಿ ಎಂಜಿನಿಯರಿಂಗ್ ಸೀಟು, ಬೋಧನಾ ಶುಲ್ಕ ಮಾಫಿ, ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಗಿಂತ ಕಡಿಮೆ ಇರಬೇಕು. ಕೃಷಿ ಪದವಿಗೆ ಹೋಗುವ ರೈತರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ, ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆಯೂ ಇದೆ. ಬೀಜ, ಗೊಬ್ಬರ, ಬೆಳೆ ನೋಡಿ ಗುರುತಿಸಬೇಕು. ಹೊಲದಲ್ಲಿ ಬೆಳೆದವರ ಮುಂದೆ ಕೋಚಿಂಗ್ ಸೆಂಟರ್ ತಡವರಿಸುವ ಪರೀಕ್ಷೆ ಇದೊಂದೇ ಇರಬೇಕು.

ಅಂಕದ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ಓಡಾಡುತ್ತಿರುತ್ತದೆ, ಪಿಯು ಪಾಸಾದರೆ ಸಾಕು ಎಂದು. ವೈದ್ಯಕೀಯ ಸೀಟಿಗೆ ನೀಟ್ ಬರೆಯುವವರ ಲೆಕ್ಕ ಬೇರೆ, ಆದರೆ ಎಂಜಿನಿಯರಿಂಗ್ ರ‍್ಯಾಂಕಿನಲ್ಲಿ ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತದ ಪಿಯು ಅಂಕಕ್ಕೆ ಅರ್ಧ ತೂಕ, ಸಿಇಟಿ ಅಂಕಕ್ಕೆ ಅರ್ಧ. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು.

ಅಣಕು ಹಂಚಿಕೆ, ಅಂದರೆ ಮಾಕ್ ಅಲಾಟ್‌ಮೆಂಟ್ ಬಂದ ದಿನ ಮನೆಗಳಲ್ಲಿ ಸಿಹಿ ಹಂಚುವುದುಂಟು, ಅಳುವುದೂ ಉಂಟು. ಎರಡೂ ಅವಸರ. ಅದು ಅಭ್ಯಾಸದ ಪಂದ್ಯ. ಅದನ್ನು ನೋಡಿಕೊಂಡು ಪಟ್ಟಿ ತಿದ್ದಬಹುದು, ಹೊಸದನ್ನು ಸೇರಿಸಬಹುದು. ನಿಜವಾದ ಸುತ್ತು ಬಂದ ಮೇಲೆ ಛಾಯ್ಸ್ ಹೇಳಬೇಕು. ಒಂದು ಎಂದರೆ ಒಪ್ಪಿಗೆ, ಶುಲ್ಕ ಕಟ್ಟಿ ಸೇರುವುದು. ಎರಡು ಎಂದರೆ ಸಿಕ್ಕಿದ್ದನ್ನು ಇಟ್ಟುಕೊಂಡು ಮೇಲಿನದಕ್ಕೆ ಕಾಯುವುದು. ಮೂರು ಎಂದರೆ ಸಿಕ್ಕಿದ್ದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. ನಾಲ್ಕು ಎಂದರೆ ನಮಸ್ಕಾರ. ಪೆಟ್ಟು ಬೀಳುವುದು ಎರಡು, ಮೂರರಲ್ಲಿ. ಎರಡು ಎಂದವರಿಗೆ ಮುಂದಿನ ಸುತ್ತಿನಲ್ಲಿ ಮೇಲಿನದು ಸಿಕ್ಕರೆ ಹಳೆಯ ಸೀಟು ತಾನಾಗಿ ಬೇರೆಯವರ ಪಾಲು. ಗೆಳತಿಯರೆಲ್ಲ ಅಲ್ಲೇ ಸೇರಿದ್ದಾರೆ, ಮೊದಲಿನದೇ ಕೊಡಿ ಎಂದರೆ ನಡೆಯದು. ಮೂರು ಎಂದವರು ಕೈಯಲ್ಲಿದ್ದ ಹಕ್ಕಿಯನ್ನು ಹಾರಿಬಿಟ್ಟಂತೆಯೇ. ಶುಲ್ಕ, ಗಡುವಿನ ನಿಯಮಗಳನ್ನು ವರ್ಷವರ್ಷ ತಿದ್ದುತ್ತಾರೆ, ಹೀಗಾಗಿ ಅಣ್ಣನ ಕಾಲದ ಅನುಭವ ತಮ್ಮನಿಗೆ ಆಗಿಬರದೆಯೂ ಹೋಗಬಹುದು.

ಲಾಗಿನ್ ಐಡಿ, ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಅಂಗಡಿಯಲ್ಲೇ ಬಿಟ್ಟು ಬರುವವರಿಗೆ 2024ರ ಸೀಟ್ ಬ್ಲಾಕಿಂಗ್ ಪ್ರಕರಣ ನೆನಪಿಸಬೇಕು. ಸೇರುವ ಇರಾದೆ ಇಲ್ಲದ ಅಭ್ಯರ್ಥಿಗಳ ಲಾಗಿನ್ ಬಳಸಿ ಬೇಡಿಕೆಯ ಸೀಟುಗಳನ್ನು ಹಿಡಿಸಿ, ಕೊನೆಗೆ ಖಾಲಿ ಉಳಿಸಿ, ಕಾಲೇಜಿನವರು ತುಂಬಿಕೊಳ್ಳುವಂತೆ ಮಾಡಲಾಗುತ್ತಿತ್ತು ಎಂಬ ಆರೋಪ ಅದು. ಆ ವರ್ಷದ ನವೆಂಬರಿನಲ್ಲಿ ಮಲ್ಲೇಶ್ವರಂ ಪೊಲೀಸ್ ಠಾಣೆಯಲ್ಲಿ ಪ್ರಕರಣ ದಾಖಲಾಯಿತು. ಬಂಧಿತರಲ್ಲಿ ಪ್ರಾಧಿಕಾರದ ಸಿಬ್ಬಂದಿಯೊಬ್ಬರೂ ಇದ್ದರು.

ಸೈಬರ್ ಸೆಂಟರಿಗೆ ಹೋಗಲೇಬಾರದು ಎಂದಲ್ಲ. ನೆಟ್‌ವರ್ಕ್ ಸಿಗದ ಊರಿನವರು ಇನ್ನೆಲ್ಲಿಗೆ ಹೋಗಬೇಕು? ಹೋಗುವ ಮುಂಚಿನ ರಾತ್ರಿ ನೋಟ್‌ಬುಕ್ಕಿನ ಹಾಳೆಯಲ್ಲಿ ಪಟ್ಟಿ ಬರೆದಿರಬೇಕು, ಕಾಲೇಜು ಕೋಡ್, ಕೋರ್ಸು ಕೋಡ್ ಸಮೇತ. ಬರೆಯುವಾಗ ಮಾತಾಡಬೇಕಾದ್ದು ಬಹಳ ಇರುತ್ತದೆ. ಕಂಪ್ಯೂಟರ್ ಸೈನ್ಸ್, ಎಐ, ಡೇಟಾ ಸೈನ್ಸ್, ಸೈಬರ್ ಸೆಕ್ಯೂರಿಟಿ ಎಂದು ಹಲವು ಹೆಸರಿನಲ್ಲಿ ಬರುವ ಕೋರ್ಸುಗಳಿಗೆ ಕಲಿಸುವ ಮೇಷ್ಟ್ರು ಬೇರೆ ಇದ್ದಾರೆಯೇ, ಬೋರ್ಡು ಮಾತ್ರ ಬೇರೆಯೇ? ಬೆಂಗಳೂರಿನ ಪಿಜಿ ಬಾಡಿಗೆ ಕಾಲೇಜು ಶುಲ್ಕವನ್ನೇ ಮೀರಿಸಿದರೆ?

ಹಿರೇಕೆರೂರಿನ ಹುಡುಗಿ ಹಾಳೆ ತುಂಬಿಸಿ ಅಪ್ಪನಿಗೆ ಓದಿ ಹೇಳುತ್ತಿದ್ದಾಳೆ. ಯುವಿಸಿಇ, ಯುಬಿಡಿಟಿ, ಹಾವೇರಿ. ಅವನಿಗೆ ಕೋಡುಗಳೂ ತಿಳಿಯವು, ಕಟಾಫೂ ತಿಳಿಯದು. ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳುತ್ತಾನೆ: "ಯವ್ವಾ, ಬೆಂಗಳೂರಾಗ ಹುಡುಗ್ಯಾರಿಗೆ ಸರ್ಕಾರಿ ಹಾಸ್ಟೆಲ್ ಐತೇನು?" ಅವಳು ಪೆನ್ನು ಕೆಳಗಿಟ್ಟು ಹಿಂದುಳಿದ ವರ್ಗಗಳ ಇಲಾಖೆಯ ಜಾಲತಾಣ ತೆಗೆಯುತ್ತಾಳೆ.